ಕಸದ ಗಾಡಿ ಬಾರದ ಮನೆಗೆ ಕಸದ ಲೆಕ್ಕಾಚಾರ

ಊರ ಹೊರಗಿನ ಲೇಔಟು, ತೋಟದ ಮನೆ, ಘಟ್ಟದ ಸೆರಗಿನ ಒಂಟಿ ಮನೆ. ಇಲ್ಲಿಗೆಲ್ಲ ಬೆಳಗಿನ ಕಸದ ಗಾಡಿಯ ಹಾಡು ಕೇಳಿಸುವುದಿಲ್ಲ. ಕಸ ಹೋಗುವುದು ಪಕ್ಕದ ಖಾಲಿ ಸೈಟಿಗೆ, ಮೋರಿಗೆ, ಇಲ್ಲವೇ ಬೆಂಕಿಗೆ. ಬೇರೆ ದಾರಿ ಇದೆ, ಅದೇನೂ ಕಷ್ಟದ್ದಲ್ಲ, ಆದರೆ ಒಂದು ಷರತ್ತು. ಗಾಡಿ ಬರುವ ಮನೆಯವರು ಕಸವನ್ನು ಒಂದೆರಡು ದಿನ ಇಟ್ಟುಕೊಂಡರೆ ಸಾಕು, ನೀವು ಎರಡು ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ದಿನ ಮನೆಯಲ್ಲಿದ್ದರೂ ನಾರದೆ, ಇಲಿ ಜಿರಳೆಗಳನ್ನು ಕರೆಯದೆ ಇರುವುದು ಒಣಗಿದ ಕಸ ಮಾತ್ರ. ಹಸಿಯದು ಅಂದಂದೇ ಗೊಬ್ಬರದ ಡ್ರಮ್ಮಿಗೆ ಇಳಿಯಬೇಕು, ಉಳಿದದ್ದು ಒಣಗಿ ಚೀಲ ಸೇರಬೇಕು. ಮಿಕ್ಕ ಮಾತೆಲ್ಲ ಇದರ ವಿವರ.

ಬೇಕಾಗುವ ಸಾಮಾನು ಸ್ವಲ್ಪವೇ. 60 ಲೀಟರಿನ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡ್ರಮ್ಮು, ನಾಲ್ಕು ಖಾಲಿ ಅಕ್ಕಿ ಚೀಲ, ಬಟ್ಟೆ ಕ್ಲಿಪ್ಪು, ಗಟ್ಟಿ ಮುಚ್ಚಳದ ಒಂದು ಹಳೇ ತಗಡಿನ ಡಬ್ಬ. ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಕಡ್ಡಾಯವಾಗಿ ಇರಬೇಕೆಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಹೇಳಿತು. ಗಾಡಿ ಬಾರದ ಮನೆಗೆ ಅಷ್ಟು ಸಾಲದು, ಚೀಲಗಳು ಜಾಸ್ತಿ ಬೇಕು.

ಮೊದಲು ಡ್ರಮ್ಮು

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕೆ.ಜಿ. ಹಸಿ ಕಸ ಬೀಳುತ್ತದೆ. ಡ್ರಮ್ಮಿನ ಸುತ್ತ ಮೂರು ಸಾಲಾಗಿ, ನಾಲ್ಕು ಬೆರಳಿಗೊಂದರಂತೆ, 8 ಮಿ.ಮೀ. ತೂತು ಕೊರೆಯಿರಿ. ತಳಕ್ಕೆ ಐದಾರು ತೂತು ಸಾಕು. ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಕೆಳಗೆ ಒಂದು ಅಗಲವಾದ ತಟ್ಟೆ ಇಡಿ. ಒಳಗಿನಿಂದ ಸೊಳ್ಳೆಪರದೆ ಅಂಟಿಸಿದರೆ ನೊಣದ ಕಾಟ ಅರ್ಧಕ್ಕರ್ಧ ಇಳಿಯುತ್ತದೆ.

ತಳಕ್ಕೆ ನಾಲ್ಕು ಅಂಗುಲ ಎತ್ತರ ತೆಂಗಿನ ಸಿಪ್ಪೆಯ ಚೂರು, ಒಣ ಕಡ್ಡಿ ಹಾಕಿ. ಅದರ ಮೇಲೆ ಎರಡು ಹಿಡಿ ತರಗೆಲೆ. ಆಮೇಲೆ ದಿನದ ಹಸಿ ಕಸ ಒಂದು ಬೋಗುಣಿ, ಅದೇ ಬೋಗುಣಿಯಲ್ಲಿ ಅಳೆದು ಒಂದೂವರೆ ಬೋಗುಣಿ ತರಗೆಲೆ. ಈ ಅಳತೆಯಲ್ಲಿ ಜಿಪುಣತನ ಬೇಡ. ಮನೆಗೊಬ್ಬರ ಕೈಕೊಟ್ಟಿತೆನ್ನುವವರಲ್ಲಿ ಮುಕ್ಕಾಲು ಪಾಲು ಜನ ತರಗೆಲೆ ಕಡಿಮೆ ಹಾಕಿದವರೇ. ಹಸಿ ಕಸದಲ್ಲಿ ನೀರೂ ಸಾರಜನಕವೂ ಹೆಚ್ಚು, ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇದ್ದಾಗಲೇ ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುವುದು. ಶುರುವಿನಲ್ಲಿ ಒಮ್ಮೆ ಒಂದು ಸೌಟು ಹುಳಿ ಮಜ್ಜಿಗೆ, ಒಂದು ಹಿಡಿ ಸಗಣಿಯನ್ನು ಚೊಂಬು ನೀರಿಗೆ ಕದಡಿ ಚಿಮುಕಿಸಿದರೆ ಸಾಕು. ಅಂಗಡಿಯ ಪುಡಿ, ದ್ರಾವಣ ಯಾವುದೂ ಬೇಕಿಲ್ಲ.

ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿಕೊಂಡರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಹಾಕಬೇಕು. ಮುಷ್ಟಿ ಬಿಚ್ಚಿದ ಕೂಡಲೇ ಉದುರಿದರೆ ನೀರು ಚಿಮುಕಿಸಬೇಕು. ಇರುವೆ ಸೇರಿದ್ದೂ ಒಣಗಿದ್ದರ ಗುರುತೇ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿ ಇಲ್ಲ ಎಂದರ್ಥ, ತಳದವರೆಗೆ ಕೆದಕಿ ಒಣ ಎಲೆ ಬೆರೆಸಿ. ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯಾ. ಅನ್ನ, ಬೇಳೆ, ತರಕಾರಿ ಸಿಪ್ಪೆ ಹೆಚ್ಚಾಗಿದೆ, ಮದ್ದು ಮತ್ತೆ ಎಲೆಯೇ. ಬೂದುಬಣ್ಣದ ದಪ್ಪ ಹುಳುಗಳನ್ನು ಕಂಡು ಡ್ರಮ್ಮನ್ನೇ ಎಸೆದವರಿದ್ದಾರೆ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ನಿಮಗಿಂತ ಬೇಗ ಮುಗಿಸುತ್ತವೆ. ಬಿಟ್ಟುಬಿಡಿ.

ಒಂದು ಡ್ರಮ್ಮು ತುಂಬಲು ತಿಂಗಳಿಂದ ಒಂದೂವರೆ ತಿಂಗಳು ಬೇಕು, ಏಕೆಂದರೆ ಹಾಕಿದ್ದು ಕುಸಿಯುತ್ತಲೇ ಇರುತ್ತದೆ. ತುಂಬಿದ್ದನ್ನು ಮುಚ್ಚಿ 45 ದಿನ ಬಿಡಿ. ಅಷ್ಟರಲ್ಲಿ ಎರಡನೆಯದು ತುಂಬುತ್ತದೆ. ಮಳೆಗಾಲದಲ್ಲಿ ಕೊಳೆಯುವುದು ನಿಧಾನ, ಮೂರನೆಯ ಡ್ರಮ್ಮಿದ್ದರೆ ನಿಶ್ಚಿಂತೆ. ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಗೊಬ್ಬರವನ್ನು ಜರಡಿ ಹಿಡಿದು, ಉಳಿದ ದಪ್ಪ ಚೂರನ್ನು ಮುಂದಿನ ಡ್ರಮ್ಮಿನ ತಳಕ್ಕೆ ಹಾಕಿ. ತಟ್ಟೆಗಿಳಿದ ಕಂದು ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಗಿಡದ ಬುಡಕ್ಕೆ ಹೊಯ್ಯಬಹುದು. ಹಾಗೇ ಹೊಯ್ದರೆ ಬೇರು ಸುಡುತ್ತದೆ.

ಅವರೆಕಾಯಿ ಸೀಸನ್ನಿನಲ್ಲಿ ಸಿಪ್ಪೆ ಬೆಟ್ಟದಷ್ಟಾಗುತ್ತದೆ, ಹೆದರಬೇಡಿ, ಅದು ಬೇಗ ಕರಗುತ್ತದೆ. ಬಾಳೆ ಎಲೆ ಹೆಚ್ಚಿ ಹಾಕಬೇಕು. ಚಹಾ ಚರಟವನ್ನು ಒಮ್ಮೆ ತೊಳೆದು ಹಾಕದಿದ್ದರೆ ಸಕ್ಕರೆಗೆ ಇರುವೆ ಗ್ಯಾರಂಟಿ. ಎಣ್ಣೆಯ ಪದಾರ್ಥ, ಮೂಳೆ, ಮೀನು ಬೇಡ. ಮೀನಿನ ಕಸವಿದ್ದರೆ ತೆಂಗಿನ ಬುಡದಿಂದ ಮೂರಡಿ ದೂರ, ಒಂದೂವರೆ ಅಡಿ ಆಳದಲ್ಲಿ ಹೂಳಿ ಮೇಲೆ ಕಲ್ಲಿಡಿ. ಕಲ್ಲಿಲ್ಲದಿದ್ದರೆ ರಾತ್ರಿಯೇ ನಾಯಿ ಕೆದರುತ್ತದೆ. ಪೇಪರ್ ಲೋಟವನ್ನೂ ಹಾಕಬಾರದು, ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಅಂಗಡಿ ಬಿಲ್ಲಿನ ನುಣುಪು ಕಾಗದದಲ್ಲಿ ರಾಸಾಯನಿಕ ಲೇಪವಿದೆ, ಅದು ಗೊಬ್ಬರಕ್ಕೂ ಬೇಡ, ರದ್ದಿಗೂ ಬೇಡ.

ತರಗೆಲೆಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರುವಾಗಲೇ ಐದಾರು ಚೀಲ ತುಂಬಿಡಿ. ಜೂನ್‌ನಲ್ಲಿ ಹುಡುಕಿದರೆ ಸಿಗುವುದು ನೆನೆದ ಎಲೆ. ಹೊಂಗೆ, ಮಾವು, ಹಲಸು ಒಳ್ಳೆಯವು. ನೀಲಗಿರಿ, ಅಕೇಶಿಯಾ ಎಲೆ ಕೊಳೆಯಲು ತಿಂಗಳುಗಟ್ಟಲೆ ಸತಾಯಿಸುತ್ತವೆ. ಎಲೆ ಇಲ್ಲದಿದ್ದರೆ ತೆಂಗಿನ ನಾರಿನ ಪುಡಿ ಆದೀತು, ಆದರೆ ಅದನ್ನು ಗಿಡಕ್ಕೆ ಹಾಕುವಂತೆ ನೆನೆಸಬಾರದು. ಇಟ್ಟಿಗೆಯಾಗಿ ಸಿಗುವುದನ್ನು ಒಣಗಿದ್ದಾಗಲೇ ಕೆರೆದು ಹಾಕಿ. ನೀರು ಹೀರಲೆಂದು ಹಾಕುವ ವಸ್ತುವನ್ನು ನೀರು ಕುಡಿಸಿ ಹಾಕಿದರೆ ಏನು ಬಂತು?

ಹಾಲಿನ ಪ್ಯಾಕೆಟ್ಟಿನ ಮೂಲೆ

ಒಣ ಕಸದಲ್ಲಿ ದಿನವೂ ತಪ್ಪದೆ ಬರುವುದು ಹಾಲು ಮೊಸರಿನ ಪ್ಯಾಕೆಟ್ಟು. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಒಂದು ಎಳೆ ಅಂಟಿಕೊಂಡೇ ಇರಲಿ. ಬೇರೆಯಾದ ಆ ತುಣುಕು ಸಿಂಕಿನಿಂದ ಸಿಪ್ಪೆಯ ಜೊತೆ ಡ್ರಮ್ಮಿಗೆ ಹೋಗಿ, ಮೂರು ತಿಂಗಳಾದ ಮೇಲೆ ಗೊಬ್ಬರದಲ್ಲಿ ನೀಲಿ ಚೂರಾಗಿ ಹೊಳೆಯುತ್ತದೆ. ಖಾಲಿಯಾದ ಪ್ಯಾಕೆಟ್ಟನ್ನು ಒಂದು ಬದಿ ಉದ್ದಕ್ಕೂ ಸೀಳಿ, ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಜಾಲಿಸಿ, ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಡಿ. ಸೀಳದೆ ಒಣಗಿಸಿದರೆ ಒಳಗಿನ ಹಾಲಿನ ಹನಿ ಹುಳಿತು ಚೀಲವೆಲ್ಲ ನಾರುತ್ತದೆ. ಅರ್ಧ ಲೀಟರಿನ ಖಾಲಿ ಪ್ಯಾಕೆಟ್ಟು ಮೂರು ಗ್ರಾಮಿನ ಆಸುಪಾಸು ತೂಗುತ್ತದೆ. ದಿನಕ್ಕೆರಡು ಪ್ಯಾಕೆಟ್ಟಿನ ಲೆಕ್ಕದಲ್ಲಿ ಒಂದು ಕೆ.ಜಿ. ಆಗಲು ಐದಾರು ತಿಂಗಳು. ದುಡ್ಡಿಗಾಗಿ ಮಾಡುವ ಕೆಲಸ ಇದಲ್ಲ. ಆದರೂ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟನ್ನು ಗುಜರಿಯವರು ಬೇಡ ಎನ್ನುವುದು ಅಪರೂಪ.

ನಾಲ್ಕು ಚೀಲಗಳ ಹಂಚಿಕೆ ಹೀಗಿರಲಿ: ಕಾಗದ ಮತ್ತು ರಟ್ಟು, ಗಟ್ಟಿ ಪ್ಲಾಸ್ಟಿಕ್, ತೆಳು ಪ್ಲಾಸ್ಟಿಕ್, ಲೋಹ ಮತ್ತು ಗಾಜು. ದಿನಪತ್ರಿಕೆಯನ್ನು ಬೇರೆ ಕಟ್ಟಿ. ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತು ಚಪ್ಪಟೆ ಮಾಡಿ. ನೋಟ್‌ಬುಕ್ಕಿನ ತಂತಿ ತೆಗೆಯಿರಿ. ಎಣ್ಣೆಯಾದ ಕಾಗದ ಚೂರಾಗಿ ಗೊಬ್ಬರಕ್ಕೆ ಹೋಗಲಿ, ರದ್ದಿಯ ಕಟ್ಟಿನಲ್ಲಿ ಅದೊಂದು ಸಿಕ್ಕರೂ ಬೆಲೆ ಇಳಿಸುತ್ತಾರೆ.

ಗಟ್ಟಿ ಪ್ಲಾಸ್ಟಿಕ್ಕಿನ ತಳದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ. 1 ನೀರಿನ, ಕೂಲ್‌ಡ್ರಿಂಕ್ಸಿನ ಬಾಟಲಿ. 2 ಶಾಂಪೂ ಬಾಟಲಿ, ಕ್ಯಾನು. 5 ಪಾರ್ಸೆಲ್ ಡಬ್ಬಿ. ಈ ಮೂರಕ್ಕೂ ಗಿರಾಕಿ ಉಂಟು. 3 ಎಂದರೆ ಪಿವಿಸಿ, ಅಂದರೆ ನೀರಿನ ಪೈಪಿನ ಪ್ಲಾಸ್ಟಿಕ್, 6 ಎಂದರೆ ಥರ್ಮೋಕೋಲಿನ ಜಾತಿ. ಥರ್ಮೋಕೋಲನ್ನು ಯಾರೂ ಕೊಳ್ಳುವುದಿಲ್ಲ, ಟಿ.ವಿ., ಫ್ರಿಜ್ ತಂದವರ ಕೈಗೇ ಆಗಲೇ ವಾಪಸು ಕೊಟ್ಟುಬಿಡಿ. ಸಂಖ್ಯೆ ಅಳಿಸಿಹೋಗಿದ್ದರೆ ಉಗುರಷ್ಟು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಬೆರಳಿನಿಂದ ಅದುಮಿ ಗಾಳಿಗುಳ್ಳೆ ಬಿಡಿಸಿ. 2, 5 ಮತ್ತು ತೆಳು ಕವರಿನ ಜಾತಿಯ 4 ತೇಲುತ್ತವೆ. 1 ಮತ್ತು 3 ಮುಳುಗುತ್ತವೆ. ನೀರಿನ ಬಾಟಲಿ ಮುಳುಗಿ ಅದರ ಮುಚ್ಚಳ ತೇಲುವುದನ್ನು ಮಕ್ಕಳಿಗೆ ತೋರಿಸಿ, ಆಮೇಲೆ ವಿಂಗಡಿಸುವ ಕೆಲಸ ಅವರದೇ ಆಗುತ್ತದೆ.

ಅಡುಗೆ ಎಣ್ಣೆಯ ಬಾಟಲಿಗೆ ಕುದಿಯುವ ನೀರು ಹಾಕಿದರೆ ಮುದುಡಿಕೊಳ್ಳುತ್ತದೆ. ಒಂದು ಚಮಚ ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ಕುಲುಕಿ ಸುರಿದು, ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಲೋಹಕ್ಕೆ ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಕಬ್ಬಿಣ. ಕೂಲ್‌ಡ್ರಿಂಕ್ಸಿನ ಡಬ್ಬಿ ಅಂಟದಿದ್ದರೆ ಅಲ್ಯೂಮಿನಿಯಂ, ಅದಕ್ಕೆ ಬೆಲೆ ಹೆಚ್ಚು.

ಗುಜರಿಗೆ ಹೋಗುವ ಮುನ್ನ

ಚೀಲ ಹೊತ್ತು ಹೋಗುವ ಮೊದಲು ಒಮ್ಮೆ ಬರಿಗೈಯಲ್ಲಿ ಹೋಗಿ. ಏನೇನು ತೆಗೆದುಕೊಳ್ಳುತ್ತೀರಿ, ಲೋಡು ಕಳಿಸುವ ದಿನ ಯಾವುದು, ಮನೆಗೇ ಬರಬೇಕಾದರೆ ಎಷ್ಟು ತೂಕ ಇರಬೇಕು ಎಂದು ಕೇಳಿಕೊಂಡು ಬನ್ನಿ. ಅಕ್ಕಪಕ್ಕದ ಐದಾರು ಮನೆಗಳ ಚೀಲ ಒಟ್ಟಾದರೆ ಗಾಡಿ ಕಳಿಸಲು ಹೆಚ್ಚಿನವರು ಒಪ್ಪುತ್ತಾರೆ. ತಕ್ಕಡಿ ಸೊನ್ನೆಯಲ್ಲಿದೆಯೇ ಎಂದು ನೋಡುವುದಕ್ಕೆ ಸಂಕೋಚ ಬೇಡ.

ಗುಜರಿ ಬೇಡವೆನ್ನುವ ಪಟ್ಟಿಯೂ ಉದ್ದವೇ: ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರು, ಶಾಂಪೂ ಸ್ಯಾಶೆ, ಜ್ಯೂಸಿನ ಟೆಟ್ರಾಪ್ಯಾಕ್. ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಪದರವಾಗಿ ಅಂಟಿಕೊಂಡಿರುವುದರಿಂದ ಬಿಡಿಸುವ ಖರ್ಚೇ ಹೆಚ್ಚು. ಇವನ್ನೂ ತೊಳೆದು ಒಣಗಿಸಿ ಬೇರೊಂದು ಚೀಲದಲ್ಲಿ ತುರುಕಿಡಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ‘ಸ್ವಚ್ಛ ಸಂಕೀರ್ಣ’, ಬೆಂಗಳೂರಿನ ಅಂಚಾದರೆ ಹತ್ತಿರದ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ, ಫೋನ್ ಮಾಡಿಕೊಂಡು ಹೋಗಿ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿರುವಂಥ ದೊಡ್ಡ ಘಟಕಗಳಿಗೆ ಹಲವು ಪಂಚಾಯಿತಿಗಳ ಒಣ ಕಸ ಬರುತ್ತದೆ. ಕರಗಿಸಿ ಮರುಬಳಸಲು ಬಾರದ ಪ್ಲಾಸ್ಟಿಕ್ ಇಂಥ ಕಡೆಗಳಿಂದ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಸಾಗುತ್ತದೆ. ಪೂರ್ತಿ ಮರುಬಳಕೆ ಅದಲ್ಲ, ಆದರೆ ಹೊಲದಲ್ಲಿ ಬಿದ್ದು ದನದ ಹೊಟ್ಟೆ ಸೇರುವುದಕ್ಕಿಂತ ವಾಸಿ.

ಹಂಡೆ ಒಲೆಯ ವಿಷಯ ಹೇಳಲೇಬೇಕು. ಸ್ನಾನದ ನೀರು ಕಾಯಿಸಲು ಬೆಂಕಿ ಹತ್ತಿಸುವಾಗ ಎರಡು ಪ್ಲಾಸ್ಟಿಕ್ ಕವರು ತುರುಕುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಪಿವಿಸಿ ಚೂರೊಂದು ಸೇರಿದರೂ ಡಯಾಕ್ಸಿನ್ ಎಂಬ ವಿಷ ಹುಟ್ಟಿ ಬಚ್ಚಲಲ್ಲೇ ತುಂಬಿಕೊಳ್ಳುತ್ತದೆ. ಆ ಬೂದಿಯನ್ನು ಬಸಳೆ ಬುಡಕ್ಕೆ ಹಾಕುವುದು ಇನ್ನೊಂದು ತಪ್ಪು. ತೆಂಗಿನ ಚಿಪ್ಪು, ಗರಿ, ಅಡಿಕೆ ಸಿಪ್ಪೆ ಸಾಲದೇ? ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ.

ತಗಡಿನ ಡಬ್ಬ

ಸೆಲ್ಲು, ಬಲ್ಬು, ಅವಧಿ ಮುಗಿದ ಮಾತ್ರೆ, ಬ್ಲೇಡು, ಸೂಜಿ, ಹಳೇ ಚಾರ್ಜರು ಇದಕ್ಕೆ. ಫೋನಿನ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ ಹಾಕಿ, ಎರಡು ತುದಿಯೂ ಲೋಹಕ್ಕೆ ತಾಗಿದರೆ ಕಿಡಿ ಹೊತ್ತಬಹುದು. ಉಬ್ಬಿದ ಬ್ಯಾಟರಿಯನ್ನು ಡಬ್ಬದಲ್ಲಿ ಇಡಲೇಬೇಡಿ, ಮಣ್ಣಿನ ಕುಡಿಕೆಯಲ್ಲಿ ಮರಳು ತುಂಬಿ ಹೂತು, ಮನೆಯ ಹೊರಗೆ ನೆರಳಲ್ಲಿಟ್ಟು, ಆದಷ್ಟು ಬೇಗ ಮೊಬೈಲ್ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ತಲುಪಿಸಿ. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯವರೇ ಬೆಲೆ ಕಟ್ಟಿ ವಾಪಸು ಪಡೆಯುತ್ತಾರೆ.

ಟ್ಯೂಬ್‌ಲೈಟು, ಸಿಎಫ್‌ಎಲ್ ಒಡೆದರೆ ಪೊರಕೆ ಹಿಡಿಯಬೇಡಿ, ಒಳಗೆ ಪಾದರಸವಿದೆ. ಕಿಟಕಿ ತೆರೆದು, ಫ್ಯಾನ್ ಆರಿಸಿ, ಹದಿನೈದು ನಿಮಿಷ ಹೊರಗಿರಿ. ಆಮೇಲೆ ಗಟ್ಟಿ ರಟ್ಟಿನಿಂದ ಚೂರು ಎತ್ತಿ, ಪುಡಿಯನ್ನು ಒದ್ದೆ ಕಾಗದಕ್ಕೆ ಅಂಟಿಸಿ, ಎಲ್ಲವನ್ನೂ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ.

ಬಳಸಿದ ಪ್ಯಾಡು, ಡೈಪರು ಮಾತ್ರ ಡ್ರಮ್ಮಿಗೂ ಹೋಗದ, ಕೂಡಿಡಲೂ ಆಗದ ಕಸ. ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ವಾರಕ್ಕೊಮ್ಮೆಯಾದರೂ ಗಾಡಿ ಬರುವ ಬೀದಿಗೆ ಒಯ್ದು ಕೊಡಬೇಕು. ಈ ತಲೆನೋವು ಕಡಿಮೆಯಾಗಲು ಬಟ್ಟೆಯ ಪ್ಯಾಡು, ಮುಟ್ಟಿನ ಬಟ್ಟಲು, ಮಗುವಿಗೆ ಮನೆಯಲ್ಲಿದ್ದಾಗ ಬಟ್ಟೆಯ ಲಂಗೋಟಿ.

ಮೇ ತಿಂಗಳ ಕೊನೆಯಲ್ಲಿ ಕಾಗದದ ಚೀಲವನ್ನಂತೂ ಖಾಲಿ ಮಾಡಿಬಿಡಿ. ಮಳೆ ಹಿಡಿದ ಮೇಲೆ ಥಂಡಿ ಹೊಡೆದ ರದ್ದಿಯನ್ನು ಗುಜರಿಯವರು ಮುಟ್ಟುವುದಿಲ್ಲ, ಗೆದ್ದಲು ಮುಟ್ಟುತ್ತದೆ.