ಬ್ರಿಟನ್ನಿನ ಕೋ-ಆಪ್: ಬೋರ್ಡು ಒಂದೇ, ಸೊಸೈಟಿ ಬೇರೆ, ವೋಟು ಯಾರದ್ದು?

ಬ್ರಿಟನ್ನಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಕೋ-ಆಪ್, ಎಂದರೆ ಸದಸ್ಯರೇ ಒಡೆಯರಾದ ಸಹಕಾರಿ ಸೊಸೈಟಿಯ ಅಂಗಡಿಗೆ ಹೋಗಿ ಹಾಲು, ಬ್ರೆಡ್ಡು ತಂದಿರುತ್ತಾರೆ. ಮೆಂಬರ್ ಆದರೆ ಕೆಲವು ಸಾಮಾನು ಅಗ್ಗ ಅನ್ನುವುದೂ ಗೊತ್ತಿರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಪೌಂಡ್ ಕೊಟ್ಟು ಮೆಂಬರ್ ಆದವರಿಗೆ ರಿಯಾಯಿತಿಯ ಜೊತೆಗೆ ಸೊಸೈಟಿಯ ಆಡಳಿತದಲ್ಲಿ ವೋಟೂ ಸಿಗುತ್ತದೆ. ಆ ವೋಟಿನ ಗಾಳಿ ಲಂಡನ್ನಿನ ಪಾರ್ಲಿಮೆಂಟಿನ ತನಕ ಬೀಸುತ್ತದೆ. ಆದರೆ ನಮ್ಮವರಲ್ಲಿ ಎಷ್ಟೋ ಮಂದಿಗೆ ಅದು ಕೈಗೇ ಬರುವುದಿಲ್ಲ. ವರ್ಷ ವರ್ಷವೂ ಹೊಸಬರು ಅದೇ ಗುಂಡಿಗೆ ಬೀಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ದಿನಸಿ ಅಂಗಡಿಗೂ ಪಾರ್ಲಿಮೆಂಟಿಗೂ ಏನು ಸಂಬಂಧ ಅಂತ ಕೇಳುವವರಿಗೆ ಚುಟುಕಾಗಿ ಹೇಳುತ್ತೇನೆ. 1844ರಲ್ಲಿ ರಾಚ್‌ಡೇಲ್ ಊರಿನ ನೇಕಾರರು ಮತ್ತು ಇತರ ಕಸುಬಿನವರು ಸೇರಿ ಟೋಡ್ ಲೇನ್‌ನಲ್ಲಿ ಅಂಗಡಿ ತೆರೆದರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ವೋಟು ಎಂಬುದು ಅವರ ನಿಯಮ. ಅಲ್ಲಿಂದ ಹಬ್ಬಿದ ಸೊಸೈಟಿಗಳು ಎಪ್ಪತ್ತು ವರ್ಷ ಪಕ್ಷ ರಾಜಕೀಯದಿಂದ ದೂರವೇ ಇದ್ದವು. ಮೊದಲನೇ ಮಹಾಯುದ್ಧ ಅದನ್ನು ಬದಲಾಯಿಸಿತು. ಸದಸ್ಯರಿಗೆ ಮರಳಿ ಕೊಡುವ ಡಿವಿಡೆಂಡನ್ನು ಸರ್ಕಾರ ಲಾಭವೆಂದು ಎಣಿಸಿ ತೆರಿಗೆ ಹಾಕಿತು. ಆಹಾರ ಹಂಚಿಕೆಯ ಸಮಿತಿಗಳಲ್ಲಿ ಖಾಸಗಿ ವ್ಯಾಪಾರಿಗಳ ಮಾತೇ ನಡೆಯಿತು. 1917ರಲ್ಲಿ ಸ್ವಾನ್ಸಿಯಲ್ಲಿ ಸೇರಿದ ಸಹಕಾರಿ ಸಮ್ಮೇಳನ, ನಮ್ಮ ಪರ ಮಾತಾಡುವವರು ನಮ್ಮವರೇ ಆಗಿರಬೇಕು ಎಂದು ತೀರ್ಮಾನಿಸಿತು. ಹುಟ್ಟಿದ್ದು ಕೋ-ಆಪರೇಟಿವ್ ಪಾರ್ಟಿ. ಮರುವರ್ಷವೇ ಕೆಟರಿಂಗ್ ಕ್ಷೇತ್ರದಿಂದ ಒಬ್ಬರು ಪಾರ್ಲಿಮೆಂಟಿಗೆ ಗೆದ್ದರು. 1927ರಲ್ಲಿ ಲೇಬರ್ ಪಕ್ಷದ ಜೊತೆ ಒಪ್ಪಂದವಾಯಿತು. ಅಂದಿನಿಂದ ಎರಡೂ ಪಕ್ಷ ಒಂದರ ಎದುರು ಇನ್ನೊಂದು ನಿಲ್ಲುವುದಿಲ್ಲ, ಕೆಲವು ಅಭ್ಯರ್ಥಿಗಳು ಎರಡರ ಹೆಸರಿನಲ್ಲೂ ನಿಲ್ಲುತ್ತಾರೆ. 2024ರ ಚುನಾವಣೆಯಲ್ಲಿ ಹೀಗೆ 43 ಸಂಸದರು ಗೆದ್ದರು. ಭಾರತದ ಪಾಸ್‌ಪೋರ್ಟ್ ಇರುವವರೂ ಕಾಮನ್‌ವೆಲ್ತ್ ನಾಗರಿಕರಾಗಿ ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ಹಾಗಾಗಿ ಮತಪತ್ರದಲ್ಲಿ ‘ಲೇಬರ್ ಅಂಡ್ ಕೋ-ಆಪರೇಟಿವ್’ ಎಂದು ಕಂಡರೆ ಅದರ ಹಿಂದಿನ ಕಥೆ ಇದು.

ಇದು ಬರೀ ಹಣೆಪಟ್ಟಿಯಲ್ಲ. ಅಂಗಡಿ ಕೆಲಸಗಾರರ ಮೇಲೆ ಕೈ ಮಾಡುವುದನ್ನು ಪ್ರತ್ಯೇಕ ಅಪರಾಧವೆಂದು ಸ್ಕಾಟ್‌ಲೆಂಡ್ 2021ರಲ್ಲಿ ಕಾನೂನು ಮಾಡಿತು. ಅದನ್ನು ಮಂಡಿಸಿದ ಡೇನಿಯಲ್ ಜಾನ್ಸನ್ ಅಲ್ಲಿನ ಪಾರ್ಲಿಮೆಂಟಿನ ಲೇಬರ್ ಅಂಡ್ ಕೋ-ಆಪರೇಟಿವ್ ಸದಸ್ಯರು. ರಾತ್ರಿ ಹತ್ತರ ತನಕ ಗಲ್ಲೆಯ ಹಿಂದೆ ನಿಂತು ದುಡಿಯುವ ನಮ್ಮ ವಿದ್ಯಾರ್ಥಿಗಳನ್ನು ಕೇಳಿ, ಅಂಥ ಕಾನೂನಿನ ಬೆಲೆ ಏನೆಂದು ಹೇಳುತ್ತಾರೆ.

ಈಗ ಗುಂಡಿಯ ವಿಷಯ. ಬೋರ್ಡಿನ ಮೇಲೆ ‘ಕೋ-ಆಪ್’ ಎಂದಿರುವ ಅಂಗಡಿಗಳೆಲ್ಲ ಒಂದೇ ಸಂಸ್ಥೆಯವಲ್ಲ. ದೊಡ್ಡದು ಮ್ಯಾಂಚೆಸ್ಟರಿನ ಕೋ-ಆಪ್ ಗ್ರೂಪ್. ಅದರ ಜೊತೆಗೆ ಸ್ವತಂತ್ರ ಸೊಸೈಟಿಗಳೂ ಇವೆ: ಸ್ಕಾಟ್‌ಮಿಡ್, ಲಿಂಕನ್‌ಷೈರ್, ಈಸ್ಟ್ ಆಫ್ ಇಂಗ್ಲೆಂಡ್, ಹೀಗೆ. ಕಪಾಟಿನಲ್ಲಿ ಅದೇ ಕೋ-ಆಪ್ ಹೆಸರಿನ ಬಿಸ್ಕತ್ತು, ಅದೇ ಚಹಾಪುಡಿ ಕಾಣುತ್ತದೆ, ಯಾಕೆಂದರೆ ಎಲ್ಲರೂ ಸೇರಿ ಸಗಟಾಗಿ ಕೊಳ್ಳುತ್ತಾರೆ. ಕೆಲವು ಕಡೆ ಬೋರ್ಡಿನ ನೀಲಿ ಗುರುತೂ ಒಂದೇ. ಆದರೆ ಸದಸ್ಯತ್ವ ಬೇರೆ, ಆಡಳಿತ ಮಂಡಳಿ ಬೇರೆ, ವೋಟು ಬೇರೆ.

ದಾವಣಗೆರೆಯ ಹುಡುಗನೊಬ್ಬ ಬಂದ ತಿಂಗಳಲ್ಲೇ ಫೋನಿನಲ್ಲಿ ಗ್ರೂಪಿನ ಆ್ಯಪ್ ಹಾಕಿಕೊಂಡು ಪೌಂಡ್ ಕಟ್ಟಿದ. ಮನೆಯ ಕೆಳಗಿದ್ದದ್ದು ಬೇರೊಂದು ಸೊಸೈಟಿಯ ಅಂಗಡಿ. ಗಲ್ಲೆಯಲ್ಲಿ ಕಾರ್ಡು ತಗಲಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡು, ಸರದಿಯಲ್ಲಿ ಹಿಂದೆ ನಿಂತವರಿಗೆ ತೊಂದರೆ ಬೇಡವೆಂದು ಪೂರ್ತಿ ದುಡ್ಡು ಕೊಟ್ಟು ಬಂದ. ಆಮೇಲೆ ಕಾರ್ಡು ತೋರಿಸುವುದನ್ನೇ ಬಿಟ್ಟ. ವರ್ಷವಿಡೀ ಸದಸ್ಯರ ಬೆಲೆ ತಪ್ಪಿತು. ಗ್ರೂಪಿನಲ್ಲಿ ಅವನ ಹೆಸರಿಗೆ ಖರೀದಿಯೇ ಇರಲಿಲ್ಲ, ವೋಟು ಸಿಗಬೇಕಾದರೆ ಇಷ್ಟಾದರೂ ವಹಿವಾಟು ಇರಬೇಕೆಂಬ ನಿಯಮವಿದೆ. ಅತ್ತ ಕೊಂಡ ಸೊಸೈಟಿಯಲ್ಲಿ ಅವನು ಸದಸ್ಯನೇ ಅಲ್ಲ. ‘ಅಕ್ಕಾ, ಎರಡೂ ಕಡೆ ನಾನು ಲೆಕ್ಕಕ್ಕೇ ಇಲ್ವಲ್ಲ’ ಅಂದ. ನಿಜ, ಇರಲಿಲ್ಲ.

ಆದ್ದರಿಂದ ಆ್ಯಪ್ ಇಳಿಸಿಕೊಳ್ಳುವ ಮೊದಲು ರಸೀದಿ ನೋಡಿ. ಸೊಸೈಟಿಯ ಪೂರ್ತಿ ಹೆಸರು ಅದರಲ್ಲೋ ಬಾಗಿಲ ಬಳಿಯೋ ಸಿಗುತ್ತದೆ. ಸಿಗದಿದ್ದರೆ ಗಲ್ಲೆಯಲ್ಲಿರುವವರನ್ನು ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯ ಹತ್ತಿರ ಒಂದು, ಕೆಲಸದ ಹತ್ತಿರ ಇನ್ನೊಂದು ಇದ್ದರೆ ಎರಡಕ್ಕೂ ಸೇರಿ. ಊರು ಬದಲಿಸಿದಾಗ ಮತ್ತೊಮ್ಮೆ ನೋಡಿ. ಹೆಸರು ನೋಡಿ ಮೋಸಹೋಗುವ ಇನ್ನೊಂದು ಜಾಗ ಬ್ಯಾಂಕು. ಕೋ-ಆಪರೇಟಿವ್ ಬ್ಯಾಂಕಿನ ಮೇಲಿನ ಹಿಡಿತ 2013ರಲ್ಲೇ ಗ್ರೂಪಿನ ಕೈ ತಪ್ಪಿತು, 2017ರಲ್ಲಿ ಉಳಿದ ಪಾಲೂ ಹೋಯಿತು. 2025ರ ಜನವರಿಯಿಂದ ಅದು ಕವೆಂಟ್ರಿ ಬಿಲ್ಡಿಂಗ್ ಸೊಸೈಟಿ ಎಂಬ ಉಳಿತಾಯ-ಮನೆಸಾಲದ ಸಂಸ್ಥೆಯದ್ದು. ಅಲ್ಲಿ ಖಾತೆ ತೆರೆದರೆ ಅಂಗಡಿಯ ವೋಟು ಬರುವುದಿಲ್ಲ.

ನಮ್ಮ ಮನೆಗಳಿಗೇ ವಿಶೇಷವಾದ ಇನ್ನೊಂದು ಅಭ್ಯಾಸ: ಇಡೀ ಮನೆಗೆ ಒಂದೇ ಕಾರ್ಡು, ಅದೂ ಯಜಮಾನರ ಹೆಸರಿನಲ್ಲಿ. ಪಡಿತರ ಚೀಟಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವೋಟು ಮನೆಗಲ್ಲ, ಮನುಷ್ಯರಿಗೆ. ದಿನಸಿ ತರುವುದು ಹೆಂಡತಿ, ವೋಟು ಗಂಡನಿಗೆ, ಅವರೋ ವೋಟಿಗೆ ಕರೆಯುವ ಇಮೇಲ್ ತೆರೆಯುವುದೇ ಇಲ್ಲ. ದಯವಿಟ್ಟು ಇಬ್ಬರೂ ಪ್ರತ್ಯೇಕವಾಗಿ ಪೌಂಡ್ ಕಟ್ಟಿ.

ವೋಟು ಸಿಕ್ಕಿದ ಮೇಲೆ ಯಾವುದಕ್ಕೆ ಹಾಕುತ್ತೀರಿ ಎಂಬುದನ್ನೂ ಓದಿಕೊಳ್ಳಿ. ಗ್ರೂಪಿನ ವಾರ್ಷಿಕ ಸಭೆಯ ಪಟ್ಟಿಯಲ್ಲಿ ನಿರ್ದೇಶಕರ ಆಯ್ಕೆಯ ಜೊತೆ ರಾಜಕೀಯ ದೇಣಿಗೆಯ ನಿರ್ಣಯವೂ ಇರುತ್ತದೆ, ಎಂದರೆ ಕೋ-ಆಪರೇಟಿವ್ ಪಾರ್ಟಿಗೆ ದುಡ್ಡು ಕೊಡಬೇಕೋ ಬೇಡವೋ ಎಂಬುದು. ಟ್ರೇಡ್ ಯೂನಿಯನ್ನಿನಲ್ಲಾದರೆ ರಾಜಕೀಯ ನಿಧಿಗೆ ನಾನು ಕೊಡುವುದಿಲ್ಲ ಎನ್ನುವ ಸ್ವಾತಂತ್ರ್ಯ ಒಬ್ಬೊಬ್ಬರಿಗೂ ಇದೆ. ಇಲ್ಲಿ ಹಾಗಿಲ್ಲ. ದುಡ್ಡು ಹೋಗುವುದು ಸೊಸೈಟಿಯ ಗಂಟಿನಿಂದ, ತೀರ್ಮಾನ ಬಹುಮತದ್ದು. 2015ರಲ್ಲಿ ಇದು ಜೋರು ಚರ್ಚೆಯಾಗಿ, ಕೊಡೋಣ ಎನ್ನುವವರೇ ಗೆದ್ದರು. ನೀವು ಯಾವ ಪಕ್ಷದವರಾದರೂ ಸರಿ, ಹೌದೋ ಅಲ್ಲವೋ ಗುರುತು ಹಾಕಿ. ಹಾಕದೆ ಆಮೇಲೆ ಗೊಣಗಬೇಡಿ. ಅಂಗಡಿಯ ಸದಸ್ಯರಾದ ಮಾತ್ರಕ್ಕೆ ಪಕ್ಷದ ಸದಸ್ಯರಾಗುವುದಿಲ್ಲ ಎಂಬುದೂ ನೆನಪಿರಲಿ. ಪಕ್ಷಕ್ಕೆ ಬೇರೆಯೇ ಸೇರಬೇಕು, ಲೇಬರ್ ವಿರುದ್ಧ ಸ್ಪರ್ಧಿಸುವ ಪಕ್ಷದಲ್ಲಿದ್ದರೆ ಸೇರಿಸಿಕೊಳ್ಳುವುದಿಲ್ಲ. ಸದಸ್ಯರು ತಾವೇ ನಿರ್ಣಯ ತರುವುದೂ ಉಂಟು. 2025ರ ಸಭೆಯಲ್ಲಿ ಇಸ್ರೇಲ್ ಜೊತೆಗಿನ ವ್ಯಾಪಾರ ನಿಲ್ಲಿಸಬೇಕೆಂಬ ಸಲಹಾ ನಿರ್ಣಯಕ್ಕೆ ಬಹುಮತ ಸಿಕ್ಕಿತು. ಮರುತಿಂಗಳೇ ಆಡಳಿತ ಮಂಡಳಿ ಇಸ್ರೇಲ್ ಸೇರಿದಂತೆ ಹಲವು ದೇಶಗಳಿಂದ ಸರಕು ತರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು.

ಊರಿನ ಪದ್ಧತಿ ಒಳ್ಳೆಯದೋ ಇಲ್ಲಿಯದೋ ಎಂದು ಕೇಳುತ್ತಾರೆ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಹಾಲಿನ ಡೈರಿ ಚುನಾವಣೆಗೆ ಊರಿಗೆ ಊರೇ ಸೇರುತ್ತದೆ, ಸೆಕ್ರೆಟರಿಯನ್ನು ಅಡ್ಡಹಾಕಿ ಲೆಕ್ಕ ಕೇಳಬಹುದು. ಆ ಬಿಸಿ ಇಲ್ಲಿಲ್ಲ. ಬಹುಪಾಲು ಸದಸ್ಯರು ವೋಟೇ ಹಾಕುವುದಿಲ್ಲ, ಇದು ಇಲ್ಲಿನ ದೊಡ್ಡ ದೌರ್ಬಲ್ಯ. ಆದರೂ ನನ್ನ ಮತ ಇಲ್ಲಿನ ಪದ್ಧತಿಗೇ. ನಮ್ಮಲ್ಲಿ ಡಿಸಿಸಿ ಬ್ಯಾಂಕಿನಲ್ಲೂ ಹಾಲು ಒಕ್ಕೂಟದಲ್ಲೂ ಶಾಸಕರೇ ಬಂದು ಕೂರುತ್ತಾರೆ, ಮತ ಹಾಕುವ ಪ್ರತಿನಿಧಿಗಳನ್ನು ರೆಸಾರ್ಟಿಗೆ ಸಾಗಿಸುತ್ತಾರೆ, ಸರ್ಕಾರ ಆಡಳಿತಾಧಿಕಾರಿಯನ್ನು ತಂದು ಕೂರಿಸುತ್ತದೆ. ಅಲ್ಲಿ ರಾಜಕೀಯ ಸೊಸೈಟಿಯೊಳಗೆ ನುಗ್ಗುತ್ತದೆ. ಇಲ್ಲಿ ಸೊಸೈಟಿ ತನ್ನ ಮಾತನ್ನು ರಾಜಕೀಯಕ್ಕೆ ಕಳಿಸುತ್ತದೆ, ಅದೂ ಪಕ್ಷದ ಹೆಸರು ಹೇಳಿ, ಸದಸ್ಯರ ಒಪ್ಪಿಗೆ ಕೇಳಿ.

ಮನೆ ಸಾಲ ಅಥವಾ ಉಳಿತಾಯಕ್ಕೆ ಬಿಲ್ಡಿಂಗ್ ಸೊಸೈಟಿಗೆ ಹೋಗುವವರಿಗೆ ಎಚ್ಚರಿಕೆ. ಅವೂ ಸದಸ್ಯರದ್ದೇ, ಆದರೆ ಅವುಗಳಿಗೆ ಪಕ್ಷದ ನಂಟಿಲ್ಲ, ಸದಸ್ಯರ ಮಾತೂ ಅಷ್ಟು ದೂರ ಹೋಗುವುದಿಲ್ಲ. 2024ರಲ್ಲಿ ನೇಶನ್‌ವೈಡ್ ಬಿಲ್ಡಿಂಗ್ ಸೊಸೈಟಿ 290 ಕೋಟಿ ಪೌಂಡ್ ಕೊಟ್ಟು ವರ್ಜಿನ್ ಮನಿ ಬ್ಯಾಂಕನ್ನು ಕೊಂಡಾಗ ಸದಸ್ಯರ ಮತ ಕೇಳಲಿಲ್ಲ, ಕಾನೂನು ಕೇಳಬೇಕೆನ್ನುವುದೂ ಇಲ್ಲ. ವೋಟಿನ ಕಾಗದದಲ್ಲಿ ‘ಕ್ವಿಕ್ ವೋಟ್’ ಎಂಬ ಚೌಕ ಇದ್ದರೆ, ಅದನ್ನು ಒತ್ತಿದೊಡನೆ ಎಲ್ಲ ಪ್ರಶ್ನೆಗಳಿಗೂ ಆಡಳಿತ ಮಂಡಳಿ ಹೇಳಿದಂತೆ ನಿಮ್ಮ ಮತ ಬೀಳುತ್ತದೆ. ಒಂದೊಂದನ್ನೂ ಓದಿ ಹಾಕಿ. ಜಾಯಿಂಟ್ ಖಾತೆಯಾದರೆ ಮೊದಲು ಬರೆದ ಹೆಸರಿನವರಿಗೆ ಮಾತ್ರ ವೋಟು. ಎರಡನೆಯ ಹೆಸರಿನವರು ತಮ್ಮದೇ ಹೆಸರಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು, ವರ್ಷದ ಲೆಕ್ಕ ಮುಗಿಯುವ ದಿನ ಕನಿಷ್ಠ 100 ಪೌಂಡ್ ಅದರಲ್ಲಿರುವಂತೆ ನೋಡಿಕೊಳ್ಳಿ.