ಹಿಡಿದ ಫಿಗರನ್ನು ಬಣ್ಣ ಹಚ್ಚಿ ಮುಗಿಸುವ ಬಗೆ: ಕಲಬುರಗಿಯ ಬಿಸಿಲಿನಲ್ಲೂ ಹುರುಪು ಉಳಿಸಿಕೊಳ್ಳಲು

ಮನೆಯಲ್ಲಿ ಕೈಕಾಲು ಆಡಿಸಬಹುದಾದ ಪ್ಲಾಸ್ಟಿಕ್ ಗೊಂಬೆಗಳನ್ನು, ಅಂದರೆ ಆಕ್ಷನ್ ಫಿಗರ್‌ಗಳನ್ನು ಮಾರ್ಪಡಿಸಿ ಬಣ್ಣ ಹಚ್ಚುವ ಹವ್ಯಾಸ ಇರುವವರ ಕಪಾಟಿನಲ್ಲಿ ಅರ್ಧಕ್ಕೆ ನಿಂತ ಫಿಗರ್ ಒಂದಾದರೂ ಇರುತ್ತದೆ. ಒಂದು ಕೈಗೆ ಬಣ್ಣವಾಗಿರುತ್ತದೆ, ಇನ್ನೊಂದು ಕೈ ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್‌ನಲ್ಲೇ ಉಳಿದಿರುತ್ತದೆ, ತಲೆ ಯಾವುದೋ ಡಬ್ಬಿಯಲ್ಲಿರುತ್ತದೆ. ಅದನ್ನು ಕಂಡಾಗಲೆಲ್ಲ ತಮ್ಮ ಆಸಕ್ತಿಯೇ ಬತ್ತಿಹೋಯಿತೆಂದು ನೊಂದುಕೊಳ್ಳುವವರು ಬಹಳ. ನಾನು ಕಂಡಂತೆ ಹುರುಪು ಕುಗ್ಗುವುದು ಈ ಕೆಲಸದ ಕೆಲವು ಗೊತ್ತಾದ ಜಾಗಗಳಲ್ಲಿ ಮಾತ್ರ: ಬಣ್ಣವನ್ನೇ ಕಾಣದ ತೊಳೆಯುವ, ಉಜ್ಜುವ ಹಂತದಲ್ಲಿ; ಒಂದೆರಡು ಕೋಟ್ ಆದ ಮೇಲೆ ಫಿಗರ್ ಮೊದಲಿದ್ದುದಕ್ಕಿಂತ ಕೆಟ್ಟದಾಗಿ ಕಾಣುವ ನಡುಹಂತದಲ್ಲಿ; ಮತ್ತು ಕಣ್ಣು ಬರೆಯುವ ಮುನ್ನ. ಕಲಬುರಗಿ, ಬೀದರ್, ಯಾದಗಿರಿಯ ಕಡೆ ಇರುವ ನಮಗೆ ಇವುಗಳ ಜೊತೆಗೆ ಬೇಸಿಗೆಯೂ ಸೇರುತ್ತದೆ. ಈ ಜಾಗಗಳು ಎಲ್ಲಿವೆಯೆಂದು ತಿಳಿದು ಮೊದಲೇ ಅಣಿಯಾದರೆ, ಹುರುಪು ಬರಲೆಂದು ಕಾಯುತ್ತ ಕೂರುವ ಪ್ರಸಂಗವೇ ಕಡಿಮೆಯಾಗುತ್ತದೆ.

ಮೊದಲ ತೀರ್ಮಾನ ಯಾವ ಫಿಗರ್ ಎಂಬುದು. ದುಬಾರಿ ಬೆಲೆಯ ಮೂಲ ಫಿಗರನ್ನು ಮೊದಲಿಗೇ ಕೈಗೆತ್ತಿಕೊಂಡರೆ ಹೆದರಿಕೆಯೇ ಕೆಲಸವನ್ನು ನಿಲ್ಲಿಸುತ್ತದೆ. ಕೈಕಾಲು ಸಡಿಲವಾದ, ಬಣ್ಣ ಹೋದ ಹಳೆಯ ಆರಿಂಚಿನ ಫಿಗರ್ ಒಂದಿದ್ದರೆ ಅದರಿಂದ ತೊಡಗಿ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಂಗಡಿಯಲ್ಲಿ ಸಿಗುವುದನ್ನೇ ಮತ್ತೆ ಮಾಡುವುದಕ್ಕಿಂತ ಎಲ್ಲಿಯೂ ಸಿಗದಿರುವುದನ್ನು ಮಾಡಲು ಹೊರಟಾಗ ಮನಸ್ಸು ತಾನಾಗಿಯೇ ಮೇಜಿನ ಕಡೆಗೆ ಎಳೆಯುತ್ತದೆ. 1857–58ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ಆರಿಂಚಿನಲ್ಲಿ ನಿಲ್ಲಿಸಬೇಕೆಂದರೆ ನೀವೇ ಮಾಡಬೇಕು. ಯಾವುದೋ ಸಾಮಾನ್ಯ ಸೈನಿಕ ಫಿಗರ್‌ನ ಮೈ ತೆಗೆದುಕೊಂಡು, ಎರಡು ಮುದ್ದೆಗಳನ್ನು ಸಮವಾಗಿ ನಾದಿ ಬಳಸುವ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿಯಿಂದ ರುಮಾಲಿನ ಆಕಾರ ಕಟ್ಟಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದ ಟಿಶ್ಯೂ ಪೇಪರನ್ನು ಅದರ ಮೇಲೆ ಸುತ್ತಿದರೆ ಬಟ್ಟೆಯ ಮಡಿಕೆಗಳು ಸಹಜವಾಗಿ ಮೂಡುತ್ತವೆ. ಬಣ್ಣಗಳ ಹೊಂದಿಕೆಗೂ ದೂರ ಹೋಗಬೇಕಿಲ್ಲ. ಬೀದರಿನಲ್ಲಿ 1472ರ ಮಹಮೂದ್ ಗಾವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಮೆರುಗಿನ ಹೆಂಚುಗಳು, ಕೋಟೆಯೊಳಗಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆ, ಅಷ್ಟೂರಿನ ಬಹಮನಿ ಗೋರಿಗಳ ಒಳಗಿನ ಬಣ್ಣದ ಚಿತ್ತಾರ, ಇವುಗಳಲ್ಲಿ ಯಾವುದಾದರೊಂದರ ಮೂರು ಬಣ್ಣಗಳನ್ನು ಆರಿಸಿಕೊಂಡು ಅಷ್ಟರಲ್ಲೇ ಇಡೀ ಫಿಗರನ್ನು ಮುಗಿಸುತ್ತೇನೆಂದು ಗೊತ್ತುಮಾಡಿಕೊಳ್ಳಿ. ಬಣ್ಣಗಳ ಆಯ್ಕೆ ಮೊದಲೇ ಮುಗಿದಿದ್ದರೆ ನಡುವೆ ಗೊಂದಲಕ್ಕೆ ಬಿದ್ದು ಕುಂಚ ಕೆಳಗಿಡುವ ಸಂದರ್ಭ ಬರುವುದಿಲ್ಲ.

ಎರಡನೆಯದು ಯಾರಿಗೂ ಪ್ರಿಯವಲ್ಲದ ಪೂರ್ವತಯಾರಿ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಹೊಸ ಫಿಗರ್‌ನ ಮೈಮೇಲೆ ಉಳಿದಿರಬಹುದು, ಹಳೆಯದರ ಮೇಲೆ ಕೈಯ ಎಣ್ಣೆ ಇದ್ದೇ ಇರುತ್ತದೆ. ಪಾತ್ರೆ ತೊಳೆಯುವ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯದಿದ್ದರೆ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ. ಕೈಕಾಲು ಬಿಚ್ಚಬೇಕಾದಾಗ ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಪಿವಿಸಿ ಪ್ಲಾಸ್ಟಿಕ್ ಮೆತ್ತಗಾಗಿ ಕೀಲು ಮುರಿಯದೆ ಬಿಡುತ್ತದೆ. ಬಗ್ಗಿದ ಕತ್ತಿಯನ್ನು ಹೀಗೆಯೇ ನೆಟ್ಟಗೆ ಮಾಡಿ ಕೂಡಲೇ ತಣ್ಣೀರಿನಲ್ಲಿ ಹಿಡಿದರೆ ಆ ಆಕಾರದಲ್ಲೇ ನಿಲ್ಲುತ್ತದೆ. ಅಚ್ಚಿನ ಗೆರೆಗಳನ್ನು 400ರ ಸ್ಯಾಂಡ್‌ಪೇಪರಿನಿಂದ ತೆಗೆದು 600ರಿಂದ ನಯಗೊಳಿಸಬೇಕು. ಒಣಗಿದ್ದನ್ನು ಉಜ್ಜುವಾಗ ಮಾಸ್ಕ್ ಕಡ್ಡಾಯ. ನೀರು ಹಚ್ಚಿ ಉಜ್ಜಿದರೆ ಧೂಳೂ ಏಳುವುದಿಲ್ಲ.

ಮೊಣಕಾಲು, ಮೊಣಕೈಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯಿರಿ ಎಂದು ಒತ್ತಿ ಹೇಳುತ್ತೇನೆ. ಬಣ್ಣಕ್ಕೂ ಒಂದು ದಪ್ಪವಿದೆ. ಒಂದಕ್ಕೊಂದು ತಿಕ್ಕುವ ಎರಡು ಮೇಲ್ಮೈಗಳಿಗೆ ಬಣ್ಣ ಹಚ್ಚಿ ಕೀಲನ್ನು ಆಡಿಸಿದರೆ, ವಾರಗಟ್ಟಲೆ ಮಾಡಿದ ಕೆಲಸ ಒಂದೇ ಮಡಿಕೆಗೆ ಕೆರೆದು ಹೋಗುತ್ತದೆ. ಅಂಥ ದಿನ ಫಿಗರನ್ನು ಡಬ್ಬಿಗೆ ಹಾಕಿ ಮತ್ತೆಂದೂ ತೆರೆಯದವರನ್ನು ಕಂಡಿದ್ದೇನೆ. ಆದ್ದರಿಂದ ತಿಕ್ಕುವ ಭಾಗವನ್ನು ಮೊದಲೇ ತುಸು ಉಜ್ಜಿ ಬಣ್ಣಕ್ಕೆ ಜಾಗ ಮಾಡಿ, ಅಲ್ಲಿ ತೀರ ತೆಳುವಾಗಿ ಹಚ್ಚಿ. ಸಾಧ್ಯವಿದ್ದರೆ ಕೀಲಿನ ಪ್ಲಾಸ್ಟಿಕ್ ಬಣ್ಣಕ್ಕೆ ಹೊಂದುವ ಬಣ್ಣವನ್ನೇ ಉಡುಪಿಗೆ ಆರಿಸಿ, ಕೀಲಿನ ಒಳಭಾಗವನ್ನು ಹಾಗೆಯೇ ಬಿಟ್ಟುಬಿಡಿ. ಈ ತಯಾರಿ ಬೇಸರ ತರಬಾರದೆಂದರೆ ಅದನ್ನು ಬಣ್ಣ ಹಚ್ಚುವ ದಿನಕ್ಕೆ ಅಂಟಿಸಬಾರದು. ತೊಳೆಯುವುದು ಒಂದು ಸಂಜೆ, ಉಜ್ಜುವುದು ಇನ್ನೊಂದು ಸಂಜೆ, ಪುಟ್ಟಿ ಮತ್ತೊಂದು ದಿನ. ಪುಟ್ಟಿ ಹೇಗೂ ಗಟ್ಟಿಯಾಗಲು ಒಂದು ರಾತ್ರಿ ಕೇಳುತ್ತದೆ.

ಪ್ರೈಮರ್ ಬಗ್ಗೆ ಒಂದು ಎಚ್ಚರಿಕೆ. ಆಟೊಮೊಬೈಲ್ ಅಂಗಡಿಯ ಬೂದು ಪ್ರೈಮರ್ ಕ್ಯಾನ್ ಸುಲಭವಾಗಿ ಸಿಗುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಚೆನ್ನಾಗಿಯೇ ಕೂರುತ್ತದೆ. ಆದರೆ ಮೆತ್ತನೆಯ ಪಿವಿಸಿಯ ಮೇಲೆ ಇಂಥ ಸಾಲ್ವೆಂಟ್ ಸ್ಪ್ರೇ ಎಷ್ಟು ದಿನವಾದರೂ ಒಣಗದೆ ಅಂಟಂಟಾಗಿ ಉಳಿಯಬಹುದು. ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಪದಾರ್ಥ ಬಣ್ಣವನ್ನೂ ಮೆತ್ತಗಾಗಿಸುವುದೇ ಇದಕ್ಕೆ ಕಾರಣ. ಅಂಗಾಲಿನಲ್ಲಿ ಒಂದು ಚುಕ್ಕೆ ಹಾಕಿ ಎರಡು ದಿನ ನೋಡಿ, ಅನುಮಾನವಿದ್ದರೆ ಬ್ರಷ್‌ನಿಂದ ಹಚ್ಚುವ ಅಕ್ರಿಲಿಕ್ ಪ್ರೈಮರನ್ನೇ ಬಳಸಿ.

ಈಗ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನಿನ ಕೆಳಗೆ ಕುಳಿತರೆ ಅಕ್ರಿಲಿಕ್ ಬಣ್ಣ ಪ್ಯಾಲೆಟ್‌ನಿಂದ ಫಿಗರ್ ತಲುಪುವಷ್ಟರಲ್ಲಿ ಕುಂಚದ ತುದಿಯಲ್ಲೇ ಒಣಗುತ್ತದೆ. ಬಣ್ಣ ಗೆರೆಗೆರೆಯಾಗಿ ಕೂರುತ್ತದೆ, ಹರಳುಹರಳಾಗುತ್ತದೆ, ಹಚ್ಚುವವರು ತಮ್ಮ ಕೈಯೇ ಸರಿಯಿಲ್ಲವೆಂದು ತಪ್ಪು ತಿಳಿಯುತ್ತಾರೆ. ಇಂಥ ದಿನಗಳಲ್ಲಿ ಬಣ್ಣ ಹಚ್ಚುವ ಕೆಲಸವನ್ನು ಬೆಳಗಿನ ಜಾವಕ್ಕೆ, ಬಿಸಿಲೇರುವ ಮೊದಲಿಗೆ ಇಟ್ಟುಕೊಳ್ಳಬೇಕು. ಮುಚ್ಚಳವಿರುವ ಚಪ್ಪಟೆ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜಿನ ಹಾಳೆ ಹಾಸಿ, ಅದರ ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್ ಹರಡಿ ಬಣ್ಣವನ್ನು ಅದರ ಮೇಲೆ ಕಲಸಿಕೊಂಡರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ಮುಚ್ಚಿಟ್ಟರೆ ಮರುದಿನಕ್ಕೂ ಅದೇ ಬಣ್ಣ ಸಿಗುತ್ತದೆ. ನಿನ್ನೆ ಬೆರೆಸಿದ ಬಣ್ಣ ಇಂದು ಸಿದ್ಧವಾಗಿರುವುದು ಮತ್ತೆ ಕೆಲಸಕ್ಕೆ ಕೂರಿಸುವ ದೊಡ್ಡ ಪ್ರೇರಣೆ. ಫ್ಯಾನನ್ನಾಗಲಿ ಕೂಲರನ್ನಾಗಲಿ ನೇರವಾಗಿ ಮೇಜಿನ ಮೇಲೆ ತಿರುಗಿಸಬೇಡಿ. ಬೇಗ ಒಣಗಲೆಂದು ಮಾಳಿಗೆಯ ಬಿಸಿಲಿಗೆ ಇಡಲೇಬೇಡಿ: ತೆಳುವಾದ ಪಿವಿಸಿ ಕತ್ತಿ, ಕಣಕಾಲು ಬಾಗುತ್ತವೆ. ಮಳೆಗಾಲದಲ್ಲಿ ತೊಂದರೆ ಬೇರೆ. ಗಾಳಿಯಲ್ಲಿ ತೇವವಿದ್ದಾಗ, ಬಣ್ಣ ಕಾಪಾಡಲು ಕೊನೆಗೆ ಹಚ್ಚುವ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದರೆ ಮುಗಿದ ಫಿಗರ್ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ಆಗ ಬ್ರಷ್‌ನಿಂದ ಹಚ್ಚುವ ವಾರ್ನಿಶ್ ಸುರಕ್ಷಿತ. ನನ್ನ ಮಟ್ಟಿಗೆ ಬಣ್ಣದ ಕೆಲಸಕ್ಕೆ ಚಳಿಗಾಲವೇ ಶ್ರೇಷ್ಠ ಕಾಲ. ಆದರೆ ಆಗಲೇ ತೊಗರಿ ರಾಶಿಯ ದಿನಗಳೂ ಬರುವುದರಿಂದ, ಹಸಿ ಬಣ್ಣದ ಮೇಲೆ ಧೂಳು ಕೂರದಂತೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಾಕಿಡಬೇಕು. ಹೀಗೆ ಉಜ್ಜುವ, ಪುಟ್ಟಿ ಕಟ್ಟುವ ಕೆಲಸವನ್ನು ಬೇಸಿಗೆಗೂ ಸೂಕ್ಷ್ಮ ಬಣ್ಣದ ಕೆಲಸವನ್ನು ಚಳಿಗಾಲಕ್ಕೂ ಹಂಚಿಕೊಂಡರೆ, ಬೇಸಿಗೆಯಲ್ಲಿ ಕೆಲಸ ನಿಂತಿತೆಂಬ ಬೇಸರ ಉಳಿಯುವುದಿಲ್ಲ.

ಪ್ರತಿ ಸಲ ಏಳುವ ಮುನ್ನ ಐದು ನಿಮಿಷ ಉಳಿಸಿಕೊಂಡು ಮುಂದಿನ ಹೆಜ್ಜೆಯನ್ನು ಮೇಜಿನ ಮೇಲೆ ಸಿದ್ಧಮಾಡಿಡಿ. ಕುಂಚ ತೊಳೆದು, ಮುಂದೆ ಬೇಕಾಗುವ ಬಣ್ಣದ ಬಾಟಲಿಯನ್ನು ಮಾತ್ರ ಮುಂದಿಟ್ಟು, ಒಂದು ಚೀಟಿಯಲ್ಲಿ ‘ಎಡಗೈ ತೋಳಿಗೆ ಎರಡನೇ ಕೋಟ್’ ಎಂದು ಬರೆದಿಡಿ. ‘ಫಿಗರ್ ಮುಗಿಸಬೇಕು’ ಎಂಬ ಚೀಟಿ ಯಾರನ್ನೂ ಕೂರಿಸುವುದಿಲ್ಲ, ‘ಎಡಗೈ ತೋಳು’ ಎಂಬುದು ಕೂರಿಸುತ್ತದೆ. ಕೆಲಸದಿಂದ ದಣಿದು ಬಂದ ಸಂಜೆಯೂ ಒಂದು ತೋಳನ್ನು ಮುಗಿಸಬಹುದು, ಕೂತ ಮೇಲೆ ಬಹಳ ಸಲ ಎರಡೂ ಮುಗಿಯುತ್ತವೆ.

ನಡುಹಂತದ ನಿರಾಸೆಗೆ ಔಷಧ ನಮ್ಮ ಬೀದರಿನಲ್ಲೇ ಇದೆ. ಬಿದರಿ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ ಬನ್ನಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನಯಗೊಳಿಸಿ, ಚಿತ್ತಾರ ಕಾಣಲೆಂದು ಮೈಲುತುತ್ತದ ದ್ರಾವಣದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಕೆತ್ತಿ, ಬೆಳ್ಳಿಯನ್ನು ತುಂಬಿ, ಮತ್ತೆ ಉಜ್ಜಿದಾಗ ಅದು ಬೂದು ಲೋಹದಲ್ಲಿ ಬೆಳ್ಳಿ ಹೆಚ್ಚು ಕಾಣದ ಸಾಧಾರಣ ವಸ್ತುವಾಗಿಯೇ ಇರುತ್ತದೆ. ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿಗೆ ತಾಗಿದ ಮೇಲೆಯೇ ಲೋಹ ಕಡುಗಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಆ ಕುಶಲಕರ್ಮಿಗಳು ಬೂದು ಹಂತವನ್ನು ಕಂಡು ಕೈಬಿಡುವುದಿಲ್ಲ, ಮುಂದೇನು ಬರುತ್ತದೆಂದು ಅವರಿಗೆ ಗೊತ್ತು. ಫಿಗರ್‌ನಲ್ಲಿ ಆ ಕೊನೆಯ ಬದಲಾವಣೆಯನ್ನು ತರುವುದು ವಾಶ್, ಅಂದರೆ ನೀರಾಗಿಸಿದ ಗಾಢ ಬಣ್ಣ. ತೆಳುವಾದ ಎರಡು ಮೂರು ಕೋಟ್‌ಗಳಿಂದ ಮೂಲಬಣ್ಣ ತುಂಬಿದಾಗ ಎಲ್ಲವೂ ಚಪ್ಪಟೆಯಾಗಿ ಕಾಣುವುದು ಸಹಜ. ಈ ವಾಶನ್ನು ಮಡಿಕೆಗಳಲ್ಲಿ ಇಳಿಯಬಿಟ್ಟು, ಒಣಗಿದ ಮೇಲೆ ಬಹುತೇಕ ಒರೆಸಿದ ಕುಂಚದಿಂದ ಏಣುಗಳ ಮೇಲೆ ತಿಳಿಬಣ್ಣವನ್ನು ಸವರಿದರೆ ಅದೇ ಫಿಗರ್ ಜೀವ ತಳೆಯುತ್ತದೆ. ನಿಮಗೆ ನಂಬಿಕೆ ಬರದಿದ್ದರೆ ಒಂದು ಕಾಲನ್ನು ಮಾತ್ರ ಕೊನೆಯ ಹಂತದವರೆಗೆ ಮುಗಿಸಿಬಿಡಿ. ಉಳಿದ ಭಾಗ ಹೇಗೆ ಕಾಣಲಿದೆಯೆಂಬುದು ಕಣ್ಣೆದುರೇ ಇರುತ್ತದೆ. ನೆರಳು ಬೆಳಕಿನ ಅರಿವಿಗೆ, ಕಲಬುರಗಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಹಾಗೂ ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದ ಎಸ್. ಎಂ. ಪಂಡಿತರ (1916–1993) ದೇವದೇವತೆಗಳ ಚಿತ್ರಗಳನ್ನು ಗಮನವಿಟ್ಟು ನೋಡಿ. ಮೈಬಣ್ಣದ ನೆರಳು ಬರೀ ಕಪ್ಪಲ್ಲವೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಕಣ್ಣಿನ ಭಯ ಕಳೆಯಲು ಸರಳ ಉಪಾಯವಿದೆ. ಮುಖದ ಮೈಬಣ್ಣ ತೃಪ್ತಿಯಾಗಿ ಬಂದ ಕೂಡಲೇ ತೆಳುವಾಗಿ ವಾರ್ನಿಶ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಬರೆದ ಕಣ್ಣು ಓರೆಯಾದರೆ, ಹಸಿಯಿರುವಾಗಲೇ ಒದ್ದೆ ಮಾಡಿದ ಕಿವಿಕಡ್ಡಿಯಿಂದ ಒರೆಸಿ ಮತ್ತೆ ಬರೆಯಬಹುದು, ಕೆಳಗಿನ ಕೆಲಸಕ್ಕೆ ಏನೂ ಆಗುವುದಿಲ್ಲ. ಕೂತ ಕೂಡಲೇ ಕಣ್ಣಿಗೆ ಕೈಹಾಕದೆ, ಬೂಟು, ಪಟ್ಟಿ ಮುಂತಾದವುಗಳಲ್ಲಿ ಅರ್ಧ ಗಂಟೆ ಕೈ ಪಳಗಿಸಿಕೊಂಡು, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ ಬರೆಯಿರಿ.

‘ಇಷ್ಟ್ ದೊಡ್ಡವ್ರಾಗಿ ಇನ್ನಾ ಗೊಂಬಿ ಆಡ್ಲಾಕತ್ತೀರೇನ್ರೀ?’ ಎಂದು ಮನೆಗೆ ಬಂದ ಹಿರಿಯರು ಕೇಳುವುದುಂಟು. ಆ ಮಾತಿಗೆ ಕುಗ್ಗುವ ಬದಲು ಕೈಗೆ ಫಿಗರ್ ಕೊಟ್ಟು, ರುಮಾಲು ಕಟ್ಟಿದ ಬಗೆ ಸರಿಯಿದೆಯೇ ಎಂದು ಅವರನ್ನೇ ಕೇಳಿ. ಬಟ್ಟೆಯ ಮಡಿಕೆ, ರುಮಾಲಿನ ಸುತ್ತು, ಒಡವೆಯ ಜಾಗ ಇವುಗಳ ಬಗ್ಗೆ ನಮ್ಮ ಹಿರಿಯರಿಗಿರುವ ತಿಳಿವಳಿಕೆ ಯಾವ ವೀಡಿಯೊದಲ್ಲೂ ಸಿಗುವುದಿಲ್ಲ, ಮುಂದಿನ ಸಲ ಬಂದಾಗ ಕೆಲಸ ಎಲ್ಲಿಗೆ ಬಂತೆಂದು ಅವರೇ ವಿಚಾರಿಸುತ್ತಾರೆ. ಪರದೇಶದ ಪರಿಣತರ ಫೋಟೊಗಳೊಂದಿಗೆ ಹೋಲಿಸಿಕೊಳ್ಳುವುದನ್ನು ಮಾತ್ರ ಬಿಡಬೇಕು. ನಿಮ್ಮದೇ ಹಿಂದಿನ ಫಿಗರನ್ನು ಪಕ್ಕದಲ್ಲಿಟ್ಟು, ಅದೇ ಕಿಟಕಿಯ ಬೆಳಕಿನಲ್ಲಿ, ಕೈ ಚಾಚಿದಷ್ಟು ದೂರದಿಂದ ನೋಡಿ.

‘ಮುಗಿದಿದೆ’ ಎಂದರೆ ಏನೆಂಬುದನ್ನೂ ಮೊದಲ ದಿನವೇ ಬರೆದಿಡಬೇಕು: ಮೂರು ಬಣ್ಣ, ಒಂದು ವಾಶ್, ಏಣುಗಳಿಗೆ ತಿಳಿಬಣ್ಣ, ಕಣ್ಣು, ವಾರ್ನಿಶ್. ಅಷ್ಟಾದ ಮೇಲೆ ಕಾಣುವ ಸಣ್ಣ ಕೊರತೆಗಳನ್ನು ಮುಂದಿನ ಫಿಗರ್‌ಗೆ ಟಿಪ್ಪಣಿಯಾಗಿ ಬರೆದುಕೊಳ್ಳಿ, ಇದನ್ನು ಮತ್ತೆ ತಿದ್ದಲು ಕೂರಬೇಡಿ. ವಾರ್ನಿಶ್ ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ಕೀಲುಗಳನ್ನು ಆಡಿಸದೆ ಬಿಡಬೇಕು. ಆ ಬಿಡುವಿನಲ್ಲಿಯೇ ಮುಂದಿನ ಫಿಗರ್‌ನ ಕೈಕಾಲು ಬಿಚ್ಚಿ ಸಾಬೂನು ನೀರಿಗೆ ಹಾಕಿಡಿ.