ಶುಕ್ರವಾರದ ವಾಯ್ಸ್ ಮೆಸೇಜು

ಪೇಟೆ ಶಾಲೆಗಳ ಗೇಟಿನ ಮುಂದೆ ಸಂಜೆ ಹೊತ್ತು ಅಪ್ಪ ಅಮ್ಮಂದಿರು ಗುಂಪುಗೂಡಿ ನಿಂತಿರುತ್ತಾರಲ್ಲ, ನಮ್ಮಲ್ಲಿ ಅದಿಲ್ಲ. ನಮ್ಮದು ಸಾಗರ ತಾಲ್ಲೂಕಿನ ಒಳಗಿನ ಹಳ್ಳಿ. ತೋಟಕ್ಕೊಂದು ಮನೆ, ಮನೆ ಮನೆ ನಡುವೆ ಗುಡ್ಡ. ಮಕ್ಕಳು ಗುಂಪಾಗಿ ನಡೆದು ಬರುತ್ತಾರೆ, ಹಾಗೇ ನಡೆದು ಹೋಗುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಆಗಸ್ಟ್ 15, ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಬಿಟ್ಟರೆ ಪಾಲಕರ ಮುಖ ಕಾಣುವುದೇ ಅಪರೂಪ. ಅಡಿಕೆ ಕೊಯ್ಲು ಶುರುವಾದರಂತೂ ಮುಗಿದೇ ಹೋಯಿತು.

ಮನೆಯಲ್ಲಿ ಅಮ್ಮ “ಶಾಲೇಲಿ ಇವತ್ತು ಎಂತ ಮಾಡಿದ್ರಿ?” ಎಂದು ಕೇಳುತ್ತಾಳೆ. ಮಗು “ಎಂತ ಇಲ್ಲ” ಅನ್ನುತ್ತದೆ. ಆರು ವರ್ಷದ ಮಗುವಿಗೆ ಇಡೀ ದಿನವನ್ನು ಒಟ್ಟುಗೂಡಿಸಿ ಹೇಳಲು ಬರುವುದಿಲ್ಲ, ಅಷ್ಟೆ. ಅಮ್ಮನ ಕಿವಿಗೆ ಮಾತ್ರ ಅದು ‘ಏನೂ ಕಲಿಸಲಿಲ್ಲ’ ಎಂದೇ ಬೀಳುತ್ತದೆ. ಅದಕ್ಕೇ ಇಲ್ಲಿಯ ಟೀಚರಾದ ನಾನು ಪ್ರತಿ ಶುಕ್ರವಾರ ಪಾಲಕರ ಮೊಬೈಲ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜು ಕಳಿಸುತ್ತೇನೆ.

ಆಡುತ್ತ ಕಲಿಯುವ ‘ನಲಿಕಲಿ’ ಪದ್ಧತಿಯ ಕೋಣೆಗೆ ಈ ತಾಪತ್ರಯ ಇನ್ನೂ ಜಾಸ್ತಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಒಂದು ಗುಂಪಿನ ಜೊತೆ ನಾನಿರುತ್ತೇನೆ, ಇನ್ನೊಂದರಲ್ಲಿ ಮೂರನೇ ತರಗತಿ ಹುಡುಗಿ ಒಂದನೇ ತರಗತಿಯವನಿಗೆ ಕಾರ್ಡು ಓದಿಸುತ್ತಿರುತ್ತಾಳೆ, ಮತ್ತೊಬ್ಬ ಗೋಡೆಯ ಕೆಳಹಲಗೆಯಲ್ಲಿ ತನ್ನಷ್ಟಕ್ಕೆ ಬರೆಯುತ್ತಿರುತ್ತಾನೆ. ಕಿಟಕಿಯಿಂದ ಇಣುಕಿದವರಿಗೆ ಇದು ಆಟ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಈ ಪದ್ಧತಿ ಶುರುವಾಯಿತು, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ಕೆಲಸ ಅದಕ್ಕೆ ಪ್ರೇರಣೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಪಾಲಕರಿಗೆ ಆ ಕತೆ ಯಾಕೆ ಬೇಕು? ಅವರ ಪ್ರಶ್ನೆ ಒಂದೇ: “ಪಕ್ಕದ ಮನೆ ಹುಡುಗ ವ್ಯಾನಲ್ಲಿ ಹೋಗ್ತಾನೆ, ಝಡ್‌ವರೆಗೆ ಬರೀತಾನೆ. ನಮ್ಮವನಿಗೆ ಅ ಆ ಇ ಈ ಕೂಡ ಬರಲ್ವಲ್ಲ ಟೀಚರೇ?”

ಬರುವುದಿಲ್ಲ, ನಿಜ. ಯಾಕೆಂದರೆ ನಲಿಕಲಿ ಅ ಆ ಇ ಈ ಕ್ರಮದಲ್ಲಿ ಹೋಗುವುದೇ ಇಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ನಾನು ಕಳಿಸಿದ ಮೊದಲ ವಾರದ ಮೆಸೇಜು ಇದರ ಮೇಲೆಯೇ. ಆಮೇಲೂ ಪ್ರತಿ ವರ್ಷ ಒಂದನೇ ತರಗತಿಯವರು ಆ ಅಕ್ಷರಗಳಿಗೆ ಬಂದ ವಾರ ಸ್ವಲ್ಪ ಹೆಚ್ಚುಕಮ್ಮಿ ಹೀಗೇ ಹೇಳುತ್ತಿದ್ದೆ:

“ಎಲ್ಲರಿಗೂ ನಮಸ್ಕಾರ. ಈ ವಾರ ಸಣ್ಣವರು ರ, ಗ, ಸ, ದ, ಅ, ಈ ಐದು ಅಕ್ಷರ ಕಲಿತಿದ್ದಾರೆ. ಐದೇ ಅಕ್ಷರದಲ್ಲಿ ಸರ, ರಸ, ಅಗಸ, ಅರಸ, ಗರಗಸ ಓದುತ್ತಾರೆ. ಪೂರ್ತಿ ಪದ ಓದಲಿ ಅಂತಲೇ ಈ ಅಕ್ಷರ ಮೊದಲು ಇಟ್ಟಿರುವುದು, ಅ ಆ ಇ ಈ ಮುಂದೆ ಬಂದೇ ಬರುತ್ತದೆ. ಮನೆಯಲ್ಲಿ ಗರಗಸ ಇದ್ದರೆ ತೋರಿಸಿ, ಇದರ ಹೆಸರು ಬರೆಯುತ್ತೀಯಾ ಅಂತ ಕೇಳಿ. ಬರೆದರೆ ಸರಿ. ಬರೆಯದಿದ್ದರೆ ಬಿಡಿ, ಬೈಯಬೇಡಿ.”

ಅಷ್ಟೆ. ಒಂದು ನಿಮಿಷದೊಳಗೆ ಮುಗಿಯುತ್ತದೆ.

ಗರಗಸ ಇಲ್ಲದ ಮನೆ ನಮ್ಮ ಕಡೆ ಕಮ್ಮಿ. ಸೋಮವಾರ ಬೆಳಿಗ್ಗೆ ಮಕ್ಕಳು ಬಂದವರೇ ಶುರು ಮಾಡಿದರು. ಒಬ್ಬ ಇದ್ದಿಲಲ್ಲಿ ಕೊಟ್ಟಿಗೆ ಗೋಡೆ ಮೇಲೆ ಬರೆದಿದ್ದನಂತೆ, ಒಬ್ಬಳು ‘ಗಗರಸ’ ಎಂದು ಬರೆದು ಅಜ್ಜನ ಹತ್ತಿರ ನಗಿಸಿಕೊಂಡಿದ್ದಳು. ಇನ್ನೊಬ್ಬನ ಅಪ್ಪ ಬೆಂಗಳೂರಲ್ಲಿ ಗಾಡಿ ಓಡಿಸುತ್ತಾರೆ. ಸ್ಮಾರ್ಟ್‌ಫೋನು ಅವರ ಕೈಯಲ್ಲಿ, ಮನೆಯಲ್ಲಿರುವುದು ಬಟನ್ ಫೋನು. ಮೆಸೇಜು ಕೇಳಿದವರೇ ರಾತ್ರಿ ಮನೆಗೆ ಫೋನು ಮಾಡಿ “ಗರಗಸಕ್ಕೆ ಎಷ್ಟು ಅಕ್ಷರ ಹೇಳು?” ಎಂದರಂತೆ. ಮಗ ಬೆರಳು ಮಡಚಿ “ನಾಲ್ಕು, ಆದ್ರೆ ಗ ಎರಡು ಸಲ ಬರ್ತದೆ” ಎಂದನಂತೆ. ಮೊದಲೆಲ್ಲ ಅಪ್ಪ ಮಗನ ಮಾತು “ಊಟ ಆಯ್ತಾ, ಹುಷಾರು” ಎನ್ನುವಲ್ಲಿಗೆ ಮುಗಿಯುತ್ತಿತ್ತು ಎಂದು ಆ ತಾಯಿಯೇ ಹೇಳಿದರು.

ಪಾಲಕರಿಗೆ ವರದಿ ಬೇಕಾಗಿಲ್ಲ, ಮಗುವನ್ನು ಕೇಳಲು ಒಂದು ಪ್ರಶ್ನೆ ಬೇಕು. ‘ಈ ವಾರ ಭಾಷೆಯಲ್ಲಿ ಇಷ್ಟನೇ ಮೈಲಿಗಲ್ಲು, ಗಣಿತದಲ್ಲಿ ಇಂಥ ಚಟುವಟಿಕೆ’ ಎಂದು ಕಳಿಸಿದರೆ ಅದು ನಮ್ಮ ಮೇಲಿನವರಿಗೆ ಚೆಂದ. ಮೈಲಿಗಲ್ಲು, ಕಲಿಕಾ ಏಣಿ, ತಟ್ಟೆ, ಇವೆಲ್ಲ ಶಿಕ್ಷಕರು ಶಿಕ್ಷಕರ ನಡುವಿನ ಮಾತು. ನನ್ನ ಮೆಸೇಜಿನಲ್ಲಿ ಅವು ಇರುವುದಿಲ್ಲ.

ಬರೆದು ಕಳಿಸದೆ ದನಿಯಲ್ಲೇ ಕಳಿಸುವುದಕ್ಕೆ ಕಾರಣ ಅಡಿಕೆ. ಸುಲಿಯುವ ಯಂತ್ರ ಬಂದಿದ್ದರೂ ಕೈಯಲ್ಲಿ ಸುಲಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ನವೆಂಬರ್‌ನಿಂದ ಜನವರಿವರೆಗೆ ಹೆಂಗಸರು ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಎರಡೂ ಕೈಗೆ ಕೆಲಸ, ಬೆರಳೆಲ್ಲ ಅಡಿಕೆ ಕರೆ, ಫೋನು ಮುಟ್ಟಿ ಓದುವುದು ಎಲ್ಲಿಂದ ಬಂತು? ಕಿವಿ ಮಾತ್ರ ಬಿಡುವಾಗಿರುತ್ತದೆ. ಯಾರೋ ಒಬ್ಬರು ಮೆಸೇಜು ಹಾಕಿದರೆ ಇಡೀ ಸಾಲು ಕೇಳುತ್ತದೆ, ಶಾಲೆಗೆ ಹೋಗುವ ಮಕ್ಕಳಿಲ್ಲದವರೂ ಕೇಳುತ್ತಾರೆ. ಓದಲು ಬಾರದ ಅಜ್ಜಿಯರನ್ನು ಬೇರೆ ಯಾವ ದಾರಿಯಲ್ಲೂ ನಾನು ಮುಟ್ಟುತ್ತಿರಲಿಲ್ಲ. ಎರಡನೇ ತರಗತಿಗೆ ಹತ್ತರ ಗುಂಪು ನಡೆಯುವಾಗ “ಸುಲಿದ ಅಡಿಕೆಯನ್ನು ಹತ್ತು ಹತ್ತು ಗುಡ್ಡೆ ಮಾಡಿಸಿ, ಎಷ್ಟು ಗುಡ್ಡೆ, ಎಷ್ಟು ಉಳೀತು ಕೇಳಿ” ಅಂದರೆ ಪಾಠ ಅಲ್ಲೇ ಆಗುತ್ತದೆ. (ಸುಲಿದದ್ದನ್ನು ಚೆಲ್ಲಾಡಿದ್ದಕ್ಕೆ ಒಂದಿಬ್ಬರು ಏಟೂ ತಿಂದರು. ಅದಕ್ಕೆ ಈಗ ‘ಒಂದು ಬೊಗಸೆ ಅಡಿಕೆ’ ಎಂದು ಸೇರಿಸಿ ಹೇಳುತ್ತೇನೆ.)

ಶುಕ್ರವಾರ ಯಾಕೆಂದರೆ, ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದಿಂದ ಮಕ್ಕಳು ಮನೆಯಲ್ಲೇ. ಪ್ರಶ್ನೆಗೆ ಒಂದೂವರೆ ದಿನ ಸಿಗುತ್ತದೆ. ಶಾಲೆಯಲ್ಲಿ ಸಿಗ್ನಲ್ ಇಲ್ಲ. ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿ ಗ್ರೂಪಿಗೆ ಒತ್ತಿ ಬಿಡುತ್ತೇನೆ, ಬಸ್ಸು ದಿಬ್ಬ ಹತ್ತಿದಾಗ ಅದು ತಾನಾಗಿ ಹೋಗುತ್ತದೆ. ಕರೆಂಟು ಹೋದರೆ ಟವರ್ ಕೂಡ ಹೋಗುವ ಊರಲ್ಲಿ ವಿಡಿಯೋ ಆಸೆ ಬಿಡಬೇಕು. ದನಿಯ ಜೊತೆಗೆ ಒಂದು ಫೋಟೋ. ಅದರಲ್ಲಿ ಮುಖ ಇರುವುದಿಲ್ಲ, ಸ್ಲೇಟು, ಕೈ, ಕೋಣೆಯ ಮೇಲ್ಗಡೆ ಹಗ್ಗದ ಚಪ್ಪರಕ್ಕೆ ಕಟ್ಟಿದ ಚಿತ್ರ ಇಷ್ಟೇ. ಮುಖ ಹಾಕಿದರೆ “ನಮ್ಮವಳು ಎಲ್ಲಿ?” ಶುರುವಾಗುತ್ತದೆ. ಅಲ್ಲದೆ ಸಣ್ಣ ಮಕ್ಕಳ ಫೋಟೋ ಎಲ್ಲೆಲ್ಲಿಗೋ ಹೋಗುವುದು ನನಗೆ ಇಷ್ಟವಿಲ್ಲ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜು ಹಾಕುವ ಹಾಗೆ ಮಾಡಿದ್ದೇನೆ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವು, ಪಕ್ಷದ ಫಾರ್ವರ್ಡು, ಅಡಿಕೆ ಧಾರಣೆ, ಎಲ್ಲ ಅದೇ ಗ್ರೂಪಿಗೆ ಬರುತ್ತದೆ. ಉತ್ತರ ಹೇಳುವವರು ನನಗೆ ನೇರ ಕಳಿಸುತ್ತಾರೆ. ಫೋನೇ ಇಲ್ಲದ ಮನೆಗಳಿಗಾಗಿ ಅದೇ ಪ್ರಶ್ನೆಯನ್ನು ಹಾಲಿನ ಡೇರಿಯ ಕರಿಹಲಗೆಯ ಮೂಲೆಯಲ್ಲಿ ಬರೆಸುತ್ತೇನೆ. ಹಾಲು ಅಳೆಯುವವರು ಒಪ್ಪಿಕೊಂಡಿದ್ದಾರೆ, ಜಿಡ್ಡಿನ ರೇಟಿನ ಕೆಳಗೆ ‘ಮಕ್ಕಳನ್ನು ಕೇಳಿ’ ಎಂದು ಎರಡು ಸಾಲು.

ಮಳೆಗಾಲದ ಮಾತೇ ಬೇರೆ. ನಮ್ಮ ಕೋಣೆಯಲ್ಲಿ ಹವಾಮಾನ ನಕ್ಷೆ ಇದೆ, ದಿನಾ ಬೆಳಿಗ್ಗೆ ಮಕ್ಕಳು ಬಿಸಿಲು, ಮೋಡ, ಮಳೆ ಗುರುತಿಸಬೇಕು. ಜುಲೈನಲ್ಲಿ ಮೇಲಿಂದ ಕೆಳಗೆ ಒಂದೇ ಚಿತ್ರ. ಮಕ್ಕಳಿಗೂ ಬೇಜಾರು. ಒಂದು ಶುಕ್ರವಾರ “ಈಗ ಬರುತ್ತಿರುವ ಮಳೆಗೆ ಹೆಸರೇನು, ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬರಲಿ” ಎಂದು ಹೇಳಿದೆ. ಅಷ್ಟರಲ್ಲಿ ಮಳೆ ರಜೆ ಬಂತು. ಶಾಲೆ ಮತ್ತೆ ತೆರೆದಾಗ ಮಕ್ಕಳ ಬಾಯಲ್ಲಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಲ್ಲ ಇತ್ತು. ಜುಲೈ ಮೊದಲ ವಾರದ ಹೊತ್ತಿಗೆ ಆರಿದ್ರಾ ಮುಗಿದು ಪುನರ್ವಸು ಹಿಡಿಯುತ್ತದೆ, ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ ಎಂದು ಒಬ್ಬ ಹುಡುಗ ಅಜ್ಜನ ಧಾಟಿಯಲ್ಲೇ ಹೇಳಿದ. ನಕ್ಷೆಯ ಪಕ್ಕ ಇನ್ನೊಂದು ಕಾಲಂ ಎಳೆದೆವು: ಮಳೆ ಹೆಸರು, ಮಳೆ ಬಗೆ. ಬಗೆಗೆ ಮಕ್ಕಳದ್ದೇ ಮಾತು: ಜಿಟಿಜಿಟಿ, ಧೋ, ಗಾಳಿಮಳೆ, ‘ಕೊಡೆ ತಿರುಗುವ ಮಳೆ’. ಆ ನಕ್ಷೆ ಈಗಲೂ ಗೋಡೆಯಲ್ಲಿದೆ.

ಅಂದ ಹಾಗೆ, ನಲಿಕಲಿಯಲ್ಲಿ ರಜೆ ಹಾಕಿದ ಮಗು ಕಲಿಕೆಯ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಳ್ಳ ತುಂಬಿ ವಾರಗಟ್ಟಲೆ ಬರಲಾಗದ ಮಕ್ಕಳಿರುವ ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ. ಪಾಲಕರಿಗೆ ಇದನ್ನು ಪ್ರತಿ ಜೂನ್‌ನಲ್ಲಿ ಹೇಳಲೇಬೇಕು, “ಪಾಠ ಹೋಯ್ತು” ಎಂಬ ಆತಂಕ ಅರ್ಧ ಇಳಿಯುತ್ತದೆ.

ಹಾಗೆಯೇ ಎಲೆಗಳ ವಾರ. “ನಿಮ್ಮ ಮನೆಯಲ್ಲಿ ತಿನ್ನುವ ಎಲೆ ಒಂದು ಕಳಿಸಿ” ಎಂದಿದ್ದೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಕೆಸು, ನುಗ್ಗೆ ಬಂದವು. ಅವತ್ತು ಬಿಸಿಯೂಟದ ಅಡುಗೆಯವರು ಬಂದು ನಿಂತು, ಕೆಸುವಿನಲ್ಲಿ ತುರಿಸುವುದು ಯಾವುದು, ತುರಿಸದ್ದು ಯಾವುದು ಎಂದು ಮಕ್ಕಳಿಗೆ ಪಾಠವನ್ನೇ ಮಾಡಿದರು.

ನನಗೆ ಹೆಚ್ಚು ಕಲಿಸಿದ್ದು ವಿನ್ಯಾಸದ ವಾರ. ಗಣಿತದಲ್ಲಿ ಸಣ್ಣವರಿಗೆ ವಿನ್ಯಾಸ ಮುಂದುವರಿಸುವ ಅಭ್ಯಾಸಗಳಿವೆ: ಒಂದು ತ್ರಿಕೋನ, ಎರಡು ಗೆರೆ, ಮತ್ತೆ ತ್ರಿಕೋನ, ಮುಂದೇನು? ಸ್ಲೇಟಿನ ಫೋಟೋ ಹಾಕಿ “ಮನೆಯಲ್ಲಿ ಇಂಥದ್ದು ಎಲ್ಲಿದೆ ಹುಡುಕಿಸಿ” ಎಂದೆ. ಚಾಪೆ, ಸೀರೆ ಅಂಚು, ರಂಗೋಲಿ ಬರಬಹುದು ಎಂದುಕೊಂಡಿದ್ದೆ. ಗೋಡೆಗೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಒಬ್ಬ ತಾಯಿ ನನಗೆ ದನಿ ಕಳಿಸಿದರು: “ಟೀಚರೇ, ಇದು ನಾವು ಹಸೆ ಬರೆಯುವಾಗ ಹಾಕೋ ಎಳೆಯಲ್ವಾ? ಅದು ಗಣಿತವಾ?”

ಭೂಮಿ ಪೂಜೆಯ ಹಬ್ಬವಾದ ಭೂಮಿ ಹುಣ್ಣಿಮೆ ಮುಗಿದ ಮೇಲೆ ಆಕೆ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನೇ ಹಿಡಿದು ಶಾಲೆಗೆ ಬಂದರು. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆದ ಚಿತ್ತಾರ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಮಕ್ಕಳು ಸುತ್ತ ಕೂತರು. ಆಕೆ ಬುಟ್ಟಿಯನ್ನು ಮೆಲ್ಲಗೆ ತಿರುಗಿಸುತ್ತಾ, ಒಂದು ಎಳೆ ಎಲ್ಲಿ ಶುರುವಾಗಿ ಎಲ್ಲಿ ಸೇರುತ್ತದೆ ಎಂದು ಬೆರಳಲ್ಲಿ ತೋರಿಸಿದರು. ಅಡ್ಡಡ್ಡ ಗೆರೆ ಎಷ್ಟು, ನಡುವೆ ಚುಕ್ಕಿ ಎಷ್ಟು, ಬುಟ್ಟಿಯ ಬಾಯಿ ಸುತ್ತಿ ಬಂದಾಗ ಕೊನೆಯ ತ್ರಿಕೋನ ಮೊದಲಿನದ್ದಕ್ಕೆ ಸರಿಯಾಗಿ ಕೂರುವುದು ಹೇಗೆ? “ಮೊದಲೇ ಗೇಣಲ್ಲಿ ಅಳೀತೀವಿ, ಆಮೇಲೆ ಭಾಗ ಮಾಡ್ತೀವಿ” ಎಂದರು. ಮೂರನೇ ತರಗತಿಯ ಭಾಗಾಕಾರವನ್ನು ನಾನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಮಾತಿಗೆ ಮುಂಚೆ ‘ನಾನು ಓದಿದವಳಲ್ಲ’ ಎನ್ನುತ್ತಿದ್ದ ಆಕೆ ಈಗ ಎಸ್‌ಡಿಎಂಸಿ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾರೆ, ಶೌಚಾಲಯದ ನೀರಿನ ವಿಷಯಕ್ಕೆ ಎಲ್ಲರಿಗಿಂತ ಜೋರಾಗಿ ಜಗಳವಾಡುತ್ತಾರೆ.

ಗ್ರೂಪಿನಲ್ಲಿ ಎಂದೂ ಹೇಳದ ಸಂಗತಿಯೂ ಒಂದಿದೆ: ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು. ಅದು ಆಯಾ ಮನೆಯವರಿಗೆ ಮಾತ್ರ, ಮುಖಾಮುಖಿ, ಪ್ರಗತಿ ನೋಟ ಮುಂದಿಟ್ಟುಕೊಂಡು. ನಿಧಾನ ಕಲಿಯುವ ಮಗುವಿನ ತಾಯಿಗೆ ಅಡಿಕೆ ಸುಲಿಯುವ ಸಾಲಿನಲ್ಲಿ ಅದು ಕೇಳಿಸಬಾರದು. ಶುಕ್ರವಾರದ ಪ್ರಶ್ನೆಯನ್ನೂ ಎಲ್ಲ ಮೆಟ್ಟಿಲಿನವರೂ ಏನಾದರೂ ಉತ್ತರ ಹೇಳಬಲ್ಲ ಹಾಗೆ ಆರಿಸುತ್ತೇನೆ. ಅದಕ್ಕೇ ರೆಕಾರ್ಡ್ ಮಾಡುವುದಕ್ಕಿಂತ ಪ್ರಶ್ನೆ ಹುಡುಕುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಇದರಿಂದ ವ್ಯಾನು ಹತ್ತುವ ಮಕ್ಕಳು ಇಳಿದು ಬಂದರೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇಲ್ಲ, ವ್ಯಾನು ಈಗಲೂ ತುಂಬಿಯೇ ಹೋಗುತ್ತದೆ. ಇಂಗ್ಲಿಷಿನ ಆಸೆ ಒಂದು ವಾಯ್ಸ್ ಮೆಸೇಜಿಗೆ ಬಗ್ಗುವಂಥದ್ದಲ್ಲ. ದಾಖಲಾತಿಗಾಗಿ ಇದನ್ನು ಮಾಡಹೊರಟವರು ಮೂರು ತಿಂಗಳಲ್ಲಿ ಕೈಬಿಡುತ್ತಾರೆ ಎಂಬುದು ನನ್ನ ಲೆಕ್ಕ.

ಹೋದ ವರ್ಷದವರೆಗೆ ಮೆಸೇಜು ನಾನೇ ಹೇಳುತ್ತಿದ್ದೆ, ಈ ವರ್ಷದಿಂದ ದನಿ ನನ್ನದಲ್ಲ. ಮೂರನೇ ತರಗತಿಯ ಇಬ್ಬರು ಶುಕ್ರವಾರ ಮಧ್ಯಾಹ್ನ ನನ್ನ ಜೊತೆ ಕೂತು, ವಾರದಲ್ಲಿ ಏನೇನಾಯಿತು ಎಂದು ನೆನಪು ಮಾಡಿಕೊಂಡು, ಪ್ರಶ್ನೆ ತಾವೇ ಕಟ್ಟಿ ಹೇಳುತ್ತಾರೆ. ಹೆಸರು ಹೇಳುವುದಿಲ್ಲ, ಆದರೂ ಊರಿಗೆಲ್ಲ ಯಾರ ದನಿ ಎಂದು ಗೊತ್ತಾಗುತ್ತದೆ. ಹೋದ ವಾರದ ಪ್ರಶ್ನೆ: “ನಿಮ್ಮ ಮನೆ ನಾಯಿಗೆ ಎಷ್ಟು ಕಾಲು ಅಂತ ಕೇಳಬೇಡಿ, ಅದು ನಮಗೆ ಗೊತ್ತು. ಮೂರು ನಾಯಿ, ಎರಡು ಕೋಳಿಗೆ ಎಷ್ಟು ಅಂತ ಕೇಳಿ.”